ಪಕ್ಕದ ಫ್ಯಾಕ್ಟರಿಗೆ ಬಾಕ್ಸ್ ಮಾರುವುದು

ಹುಬ್ಬಳ್ಳಿಯಲ್ಲೇ ರಟ್ಟಿನ ಬಾಕ್ಸ್ ಮಾಡುತ್ತೀರಿ, ಪಕ್ಕದ ಕಂಪನಿಗಳು ಮಾತ್ರ ಪುಣೆಯಿಂದ ತರಿಸುತ್ತವೆ, ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ. ‘ನಮ್ಮೂರಿನವರು, ನಮ್ಮಿಂದಲೇ ಕೊಳ್ಳಿ’ ಅಂತ ಮಾತ್ರ ಹೋಗಬೇಡಿ. ಖರೀದಿ ವಿಭಾಗದವರಿಗೆ ಅದು ಚಂದಾ ಕೇಳಿದ ಹಾಗೆ ಕೇಳಿಸುತ್ತದೆ.

ಅವರ ತಲೆನೋವು ಏನು ನೋಡಿ. ಬಾಕ್ಸ್ ಅಂದರೆ ಜಾಗ ತಿನ್ನುವ ಮಾಲು. ದೂರದಿಂದ ತರಿಸಿದರೆ ಲಾರಿ ತುಂಬಾ ತರಿಸಬೇಕು, ಗೋಡೌನಿನಲ್ಲಿ ಪೇರಿಸಬೇಕು, ಮಳೆಗಾಲದಲ್ಲಿ ತೇವ ತಾಗದಂತೆ ಕಾಯಬೇಕು. ನೀವು ಬೇಕಾದಾಗ ಬೇಕಾದಷ್ಟೇ ಕೊಡಬಹುದು. ಈ ಉಳಿತಾಯವನ್ನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿ. ಮೊದಲು ಒಂದೇ ಸೈಜಿಗೆ ಟ್ರಯಲ್ ಆರ್ಡರ್ ಕೇಳಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆ ತಾನೆ? ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ ಕಾನೂನಿನ ಪ್ರಕಾರ ಅವರು ಮಾಲು ಒಪ್ಪಿಕೊಂಡ 15 ದಿನದೊಳಗೆ ಹಣ ಬರಬೇಕು, ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ. ಕೊಳ್ಳುವ ಕಂಪನಿ ತಡ ಮಾಡಿದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಅವರು ಆದಾಯ ತೆರಿಗೆಯಲ್ಲಿ ಕಳೆಯಬಹುದು. ಈ ಭಯಕ್ಕೇ ಕೆಲವರು ಸಣ್ಣವರನ್ನು ದೂರ ಇಡುತ್ತಾರೆ, ವಿಚಿತ್ರ ಅಲ್ವಾ! ಹಾಗಾಗಿ ಮೊದಲ ಮಾತಿಗೇ ಕಾನೂನು ಎತ್ತಬೇಡಿ. ದೊಡ್ಡ ಕಂಪನಿಯಾದರೆ, ಸಣ್ಣ ಉದ್ಯಮಗಳ ಬಿಲ್ ಮೇಲೆ ಬೇಗ ಹಣ ಕೊಡಿಸುವ ಆನ್‌ಲೈನ್ ವೇದಿಕೆ ಟ್ರೆಡ್ಸ್‌ನಲ್ಲಿ ಇದ್ದಾರಾ ಕೇಳಿ. ಅವರು ಬಿಲ್ ಒಪ್ಪಿದರೆ ಬ್ಯಾಂಕು ಬಡ್ಡಿ ಹಿಡಿದುಕೊಂಡು ನಿಮಗೆ ಬೇಗ ಹಣ ಕೊಡುತ್ತದೆ.