ಕೊನೆಯ ಇನಿಂಗ್ಸ್‌ನಲ್ಲಿ ಫೈನಲ್ ಕೈಚೆಲ್ಲಿದ ಪಿಚರ್, ಮರಿಯಾನೊ ರಿವೆರಾ ಅವರಂತೆ ಸೋಲನ್ನು ಮರೆಯುವುದು ಹೇಗೆ?

ಬೇಸ್‌ಬಾಲ್ ಫೈನಲ್‌ನ ಕೊನೆಯ ಇನಿಂಗ್ಸ್‌ನಲ್ಲಿ ಒಂದು ರನ್ನಿನ ಮುನ್ನಡೆ ಇದ್ದೂ, ಚೆಂಡೆಸೆಯುವ ಪಿಚರ್ ಆಗಿ ನೀವು ಪಂದ್ಯ ಕಳೆದುಕೊಂಡಿದ್ದೀರಿ. ತಂಡದವರು ನ್ಯೂಯಾರ್ಕ್ ಯಾಂಕೀಸ್‌ನ ಖ್ಯಾತ ಕ್ಲೋಸರ್, ಅಂದರೆ ಕೊನೆಯ ಇನಿಂಗ್ಸ್‌ನ ಪಿಚರ್, ಮರಿಯಾನೊ ರಿವೆರಾ ಅವರನ್ನು ನೆನಪಿಸಿ ‘ರಿವೆರಾ ಮರೆತ ಹಾಗೆ ಮರೆತುಬಿಡು’ ಎನ್ನುತ್ತಿದ್ದಾರೆ. ನಂಬುವಂಥ ಎಸೆತ ಒಂದೇ ಇರುವ ನಾನು ಕ್ಲೋಸರ್ ಕೆಲಸವನ್ನೇ ಬಿಟ್ಟು, ಮೊದಲ ಇನಿಂಗ್ಸ್‌ನಿಂದ ಎಸೆಯುವ ಆರಂಭಿಕ ಪಿಚರ್ ಆಗಿಬಿಡಲೇ ಎಂದು ನೀವು ಬರೆದು ಕೇಳುತ್ತಿದ್ದೀರಿ. ಈ ಮೂರರಲ್ಲಿ ಒಂದೂ ನನಗೆ ಹೊಸದಲ್ಲ.

ದಾವಣಗೆರೆಯ ಮೈದಾನಗಳಲ್ಲಿ ಮಧ್ಯಮ ವೇಗದ ಬೌಲರ್ ಆಗಿ ಬೆಳೆದ ನಾನು, ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದು ನೆಲೆಸಿದ ಮೇಲೆ ವಾರಾಂತ್ಯದಲ್ಲಿ ಬೇಸ್‌ಬಾಲ್ ಆಡುವ ಹವ್ಯಾಸಿ ತಂಡವೊಂದನ್ನು ಸೇರಿಕೊಂಡೆ. ಓಡಿ ಬಂದು ತೋಳು ನೇರವಾಗಿಟ್ಟು ಬೌಲ್ ಮಾಡಿ ರೂಢಿಯಾದ ಮೈಗೆ, ನಿಂತಲ್ಲಿಂದಲೇ ಮೊಣಕೈ ಮಡಿಸಿ ಎಸೆಯುವುದು ಒಗ್ಗಲು ಬಹಳ ಸಮಯ ಹಿಡಿಯಿತು. ವೇಗ ಕಡಿಮೆಯೇ ಇತ್ತು. ಆದರೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೈಗವಸು ಹಿಡಿದ ಜಾಗಕ್ಕೇ ಚೆಂಡು ಹೋಗುತ್ತಿತ್ತು, ಕೊನೆಯ ಗಳಿಗೆಯಲ್ಲಿ ಬಲಗೈ ಬ್ಯಾಟರ್‌ನಿಂದ ತುಸು ಆಚೆಗೂ ಸರಿಯುತ್ತಿತ್ತು. ಹಾಗಾಗಿ ನಾಯಕ ನನ್ನನ್ನು ಕೊನೆಯ ಇನಿಂಗ್ಸ್‌ಗೆ ಮೀಸಲಿಟ್ಟ. ಬೇಸ್‌ಬಾಲ್ ನೋಡದವರಿಗೆ ಹೇಳುವುದಾದರೆ, ಟಿ20 ಪಂದ್ಯದ ಇಪ್ಪತ್ತನೇ ಓವರನ್ನು ಪ್ರತಿ ಸಲವೂ ಒಬ್ಬನೇ ಬೌಲರ್‌ಗೆ ಕೊಟ್ಟ ಹಾಗೆ ಕ್ಲೋಸರ್‌ನ ಕೆಲಸ. ಮುನ್ನಡೆ ಉಳಿಸಿಕೊಟ್ಟರೆ ಅವನ ಹೆಸರಿಗೆ ಒಂದು ‘ಸೇವ್’ ಸೇರುತ್ತದೆ, ಬಿಟ್ಟುಕೊಟ್ಟರೆ ಇಡೀ ಸಂಜೆಯ ಸೋಲು ಅವನೊಬ್ಬನ ತಲೆಗೆ ಬರುತ್ತದೆ.

ನಮ್ಮ ಫೈನಲ್‌ನಲ್ಲಿ ಮೊದಲ ಬ್ಯಾಟರ್ ಸಿಂಗಲ್ ಹೊಡೆದು, ರನ್ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೊದಲನೆಯದನ್ನು ತಲುಪಿದ. ಎರಡನೆಯವನು ಬಂಟ್ ಮಾಡಿದ, ಅಂದರೆ ಬ್ಯಾಟನ್ನು ಬೀಸದೆ ಅಡ್ಡ ಹಿಡಿದು ಚೆಂಡನ್ನು ನನ್ನ ಮುಂದಿನ ಹುಲ್ಲಿಗೆ ಕೆಡವಿದ. ಒಂದು ಔಟ್ ಬಿಟ್ಟುಕೊಟ್ಟು ಓಟಗಾರನನ್ನು ಎರಡನೇ ಬೇಸಿಗೆ ದಾಟಿಸುವುದು ಅವರ ಲೆಕ್ಕಾಚಾರ. ಕ್ಯಾಚರ್ ‘ಒಂದು, ಒಂದು’ ಎಂದು ಕೂಗುತ್ತಿದ್ದ. ಮೊದಲ ಬೇಸಿಗೆ ಎಸೆ, ಅವರು ಬಿಟ್ಟುಕೊಡುವ ಔಟನ್ನು ತೆಗೆದುಕೊ ಎಂದು ಅದರ ಅರ್ಥ. ಚೆಂಡು ನನ್ನ ಕೈಗೆ ಬೇಗನೆ ಸಿಕ್ಕಿತು, ಬೇಗನೆ ಸಿಕ್ಕಿತೆಂಬ ಕಾರಣಕ್ಕೇ ಮುಂದಿನ ಓಟಗಾರನನ್ನೇ ಕೆಡವಬಹುದೆಂಬ ಆಸೆ ಹುಟ್ಟಿತು. ಬಗ್ಗಿದ್ದ ಮೈ ನೇರವಾಗುವ ಮೊದಲೇ, ಎಡಗಾಲು ಗುರಿಯ ಕಡೆಗೆ ತಿರುಗುವ ಮೊದಲೇ, ಹೊಲಿಗೆಯ ಮೇಲೆ ಬೆರಳು ಸರಿಯಾಗಿ ಕೂರುವ ಮೊದಲೇ ಎರಡನೇ ಬೇಸಿಗೆ ಎಸೆದೆ. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್, ಅಂದರೆ ಶಾರ್ಟ್‌ಸ್ಟಾಪ್, ಚಾಚಿದ ಕೈಗವಸಿನ ಪಕ್ಕದಿಂದ ಚೆಂಡು ಹಾದು ಹಿಂದಿನ ಮೈದಾನಕ್ಕೆ ಹೋಯಿತು. ಒಬ್ಬ ಔಟಾಗಿ ಒಬ್ಬ ಓಟಗಾರ ಉಳಿಯಬೇಕಿದ್ದ ಕಡೆ, ಯಾರೂ ಔಟಾಗದೆ ಇಬ್ಬರು ಉಳಿದರು. ಅದಾದ ಮೇಲೆ ಒಂದು ನೆಲಹೊಡೆತ, ಒಂದು ಸಾಧಾರಣ ಸಿಂಗಲ್, ಪಂದ್ಯ ಮುಗಿಯಿತು.

ನನಗೆ ದುಬಾರಿಯಾದ ತಪ್ಪು ಆ ಎಸೆತವಲ್ಲ, ಅದರ ನಂತರದ್ದು. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅದರ ಅಂಚಿನಲ್ಲೇ ಇದ್ದೀರಿ. ಎಲ್ಲರೂ ಮರೆತುಬಿಡು ಎಂದರು, ನಾನು ಮರೆಯಲು ನಿಜವಾಗಿಯೂ ಪ್ರಯತ್ನಿಸಿದೆ. ಇಡೀ ಇನಿಂಗ್ಸ್ ಮರೆಯಾಗಿ ಕಡೆಯ ಸಿಂಗಲ್‌ನ ಸದ್ದೊಂದೇ ತಲೆಯಲ್ಲಿ ಉಳಿಯಿತು. ಆ ಸದ್ದಿನ ಆಧಾರದ ಮೇಲೆ ನನ್ನ ಪಿಚ್‌ನಲ್ಲಿ, ಅಂದರೆ ಬ್ಯಾಟರ್‌ಗೆ ಎಸೆಯುವ ಎಸೆತದಲ್ಲಿ, ದಮ್ಮಿಲ್ಲ ಎಂದು ತೀರ್ಮಾನಿಸಿದೆ. ಚಳಿಗಾಲವಿಡೀ ಹಿಡಿತ ಬದಲಿಸಿದೆ, ವಿಡಿಯೊ ನೋಡಿ ಪಕ್ಕಕ್ಕೆ ತಿರುಗುವ ಸ್ಲೈಡರ್ ಎಂಬ ಎಸೆತ ಕಲಿಯಲು ಹೋದೆ, ಅದಕ್ಕೆ ತಿರುವು ಬರಲೆಂದು ಮಣಿಕಟ್ಟು ತಿರುಚಿದೆ. ವಸಂತ ಬರುವ ಹೊತ್ತಿಗೆ ಮೊಣಕೈಯ ಒಳಬದಿಯಲ್ಲಿ ನೋವು ಕೂತಿತ್ತು, ಸ್ಲೈಡರ್ ಕೈಗೆ ಹತ್ತಿರಲಿಲ್ಲ, ಮೊದಲು ತಾನಾಗಿಯೇ ಸರಿಯುತ್ತಿದ್ದ ನನ್ನ ಹಳೆಯ ಪಿಚ್ ನೇರವಾಗಿ ಹೋಗತೊಡಗಿತ್ತು. ಆ ಋತುವಿನಲ್ಲಿ ನನ್ನ ಜಾಗ ಬೇರೆಯವನಿಗೆ ಹೋಯಿತು, ಹೋದದ್ದು ನ್ಯಾಯವೇ. ಕೆಟ್ಟಿರದಿದ್ದ ಪಿಚ್ ಅನ್ನು ರಿಪೇರಿ ಮಾಡಲು ಹೋಗಿ ಕೆಡಿಸಿಕೊಂಡಿದ್ದೆ. ಕೆಟ್ಟಿದ್ದ ಬಂಟ್ ಎಸೆತವನ್ನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ.

ಇದು ಅರ್ಥವಾದದ್ದು ರಿವೆರಾ ಅವರ ಅತ್ಯಂತ ಪ್ರಸಿದ್ಧ ಸೋಲನ್ನು ಪೂರ್ತಿಯಾಗಿ, ಚೆಂಡು ಚೆಂಡಾಗಿ ನೋಡಿದಾಗ. 2001ರ ನವೆಂಬರ್ 4, ಫೀನಿಕ್ಸ್ ನಗರ, ಅಮೆರಿಕದ ಬೇಸ್‌ಬಾಲ್ ಲೀಗಿನ ಫೈನಲ್ ಆದ ವಿಶ್ವ ಸರಣಿಯ ಏಳನೇ ಪಂದ್ಯ. ಅರಿಜೋನಾ ಡೈಮಂಡ್‌ಬ್ಯಾಕ್ಸ್ ವಿರುದ್ಧ ನ್ಯೂಯಾರ್ಕ್ ಯಾಂಕೀಸ್‌ಗೆ 2–1ರ ಮುನ್ನಡೆ. ಎಂಟನೇ ಇನಿಂಗ್ಸ್‌ಗೆ ಬಂದ ರಿವೆರಾ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ್ದರು, ಅಂದರೆ ಮೂರು ಸ್ಟ್ರೈಕ್‌ಗಳಿಂದ ಔಟ್ ಮಾಡಿದ್ದರು. ಅದಕ್ಕೂ ಮೊದಲು ಪೋಸ್ಟ್‌ಸೀಸನ್‌ನಲ್ಲಿ, ಅಂದರೆ ಲೀಗ್ ಹಂತದ ನಂತರದ ಪ್ಲೇಆಫ್ ಪಂದ್ಯಗಳಲ್ಲಿ, ಸತತ 23 ಸೇವ್‌ಗಳನ್ನು ಉಳಿಸಿಕೊಟ್ಟಿದ್ದ ಕೈ ಅದು. ಒಂಬತ್ತನೇ ಇನಿಂಗ್ಸ್‌ನಲ್ಲಿ ಮಾರ್ಕ್ ಗ್ರೇಸ್ ಸಿಂಗಲ್ ಹೊಡೆದರು. ಡೇಮಿಯನ್ ಮಿಲ್ಲರ್ ಬಂಟ್ ಮಾಡಿದರು. ರಿವೆರಾ ಚೆಂಡನ್ನೆತ್ತಿ ಎರಡನೇ ಬೇಸಿನತ್ತ ತಿರುಗಿ ಎಸೆದರು, ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್ ಕೈಗೆ ಸಿಗದೆ ಅದು ಸೆಂಟರ್ ಫೀಲ್ಡ್‌ಗೆ ಹೋಯಿತು. ಅಲ್ಲಿ ನಾನು ವಿಡಿಯೊ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಮುಂದಿನ ಬಂಟ್‌ಗೆ ರಿವೆರಾ ಮೂರನೇ ಬೇಸಿಗೆ ಎಸೆದು ಓಟಗಾರನನ್ನು ಔಟ್ ಮಾಡಿದರು. ಒಂದು ಕೆಟ್ಟ ಎಸೆತದ ಮರುಗಳಿಗೆಯಲ್ಲೇ ಅಂಥದೇ ಎಸೆತವನ್ನು ಸರಿಯಾಗಿ ಎಸೆಯುವ ಧೈರ್ಯ ಎಂಥದೆಂದು, ಅದನ್ನು ಎಸೆದು ಕೆಟ್ಟವನಿಗಷ್ಟೇ ಗೊತ್ತು. ಬಳಿಕ ಟೋನಿ ವೋಮ್ಯಾಕ್ ಬಲಬದಿಯ ಗೆರೆಗುಂಟ ಹೊಡೆದ ಡಬಲ್‌ನಿಂದ, ಅಂದರೆ ಎರಡನೇ ಬೇಸಿಗೆ ತಲುಪಿಸಿದ ಹೊಡೆತದಿಂದ, ಪಂದ್ಯ ಸಮವಾಯಿತು. ಕ್ರೇಗ್ ಕೌನ್ಸೆಲ್ ಮೈಗೆ ಪಿಚ್ ತಗುಲಿ ಬೇಸ್‌ಗಳು ತುಂಬಿದವು. ಮೂರನೇ ಬೇಸಿನಲ್ಲಿದ್ದವನು ಬಂದರೆ ಸರಣಿಯೇ ಮುಗಿಯುವುದರಿಂದ ಯಾಂಕೀಸ್ ಮ್ಯಾನೇಜರ್ ಜೋ ಟೋರಿ ಒಳವಲಯದ ಫೀಲ್ಡರ್‌ಗಳನ್ನು ಹತ್ತಿರಕ್ಕೆ ಕರೆಸಿಕೊಂಡರು. ಎಡಗೈ ಬ್ಯಾಟರ್ ಲೂಯಿಸ್ ಗೊನ್ಸಾಲೆಸ್ ಅವರತ್ತ ರಿವೆರಾ ತಮ್ಮ ಕಟರ್ ಎಸೆದರು. ಗಂಟೆಗೆ 150 ಕಿ.ಮೀ. ಆಸುಪಾಸಿನಲ್ಲಿ ನೇರವಾಗಿ ಬಂದು, ಕೊನೆಯ ಕ್ಷಣದಲ್ಲಿ ಎಡಗೈ ಬ್ಯಾಟರ್‌ನ ಕೈಗಳತ್ತ ನುಗ್ಗುವ ಪಿಚ್ ಅದು. ಬ್ಯಾಟಿನ ಹಿಡಿಗೆ ಸಮೀಪ ತಗುಲುವುದರಿಂದ ಬ್ಯಾಟುಗಳು ಮುರಿಯುತ್ತವೆ. ಆ ರಾತ್ರಿಯೂ ಅದು ಮಾಡಬೇಕಾದ್ದನ್ನೇ ಮಾಡಿತು. ಬ್ಯಾಟ್ ಮುರಿಯಿತು, ಚೆಂಡು ಮೆಲ್ಲಗೆ ಎದ್ದು, ಜೀಟರ್ ತಮ್ಮ ಮಾಮೂಲಿ ಜಾಗದಲ್ಲಿದ್ದಿದ್ದರೆ ಸುಲಭ ಕ್ಯಾಚ್ ಆಗುತ್ತಿದ್ದ ಜಾಗದಲ್ಲಿ ಬಿತ್ತು. ಟಿವಿ ವೀಕ್ಷಕ ವಿವರಣೆಗಾರ ಟಿಮ್ ಮೆಕಾರ್ವರ್ ಅದಕ್ಕೆ ಕೆಲವೇ ಕ್ಷಣ ಮೊದಲು, ರಿವೆರಾ ಎದುರು ಎಡಗೈ ಬ್ಯಾಟರ್‌ಗಳ ಮುರಿದ ಬ್ಯಾಟಿನ ಹೊಡೆತಗಳು ಹೀಗೆಯೇ ಬೀಳುತ್ತವೆ, ಫೀಲ್ಡರ್‌ಗಳನ್ನು ಒಳಗೆ ಕರೆಸುವುದರ ಅಪಾಯ ಅದೇ ಎಂದು ಹೇಳಿದ್ದರು.

ಹಾಗಾದರೆ ಆ ಪಂದ್ಯ ಸೋತದ್ದು ಎಲ್ಲಿ? ಜಗತ್ತು ಗೊನ್ಸಾಲೆಸ್ ಅವರ ಹೊಡೆತವನ್ನು ನೆನಪಿಟ್ಟುಕೊಂಡಿದೆ. ನನ್ನ ಲೆಕ್ಕದಲ್ಲಿ ಅದು ಸೋತದ್ದು ಮಿಲ್ಲರ್ ಅವರ ಬಂಟ್‌ನಲ್ಲಿ. ಮೊದಲ ಬೇಸಿಗೆ ಎಸೆದು ಒಂದು ಔಟ್ ಪಡೆದಿದ್ದರೆ ಆ ಇನಿಂಗ್ಸ್‌ನ ಆಕಾರವೇ ಬೇರೆಯಾಗುತ್ತಿತ್ತು. ಪೋಸ್ಟ್‌ಸೀಸನ್‌ನಲ್ಲಿ ರಿವೆರಾ ಅವರ ಹೆಸರಿಗೆ ದಾಖಲಾದ ಏಕೈಕ ಸೋಲು ಅದು. ಮುಂದಿನ ವರ್ಷ ಅವರು ಅದೇ ಕಟರ್ ಹಿಡಿದುಕೊಂಡೇ ಬಂದರು, ಹೊಸದೇನನ್ನೂ ತರಲಿಲ್ಲ. 

ಆ ಪಿಚ್ ಅವರಿಗೆ ಸಿಕ್ಕ ಬಗೆಯೂ ನನ್ನ ಚಳಿಗಾಲಕ್ಕೆ ತದ್ವಿರುದ್ಧ. 1997ರಲ್ಲಿ ಸಹ ಆಟಗಾರ ರಾಮಿರೊ ಮೆಂಡೊಸಾ ಜೊತೆ ಸುಮ್ಮನೆ ಚೆಂಡೆಸೆದು ಆಡುತ್ತಿದ್ದಾಗ ಚೆಂಡು ತಾನಾಗಿ ಪಕ್ಕಕ್ಕೆ ಸರಿಯತೊಡಗಿತು. ಪಿಚಿಂಗ್ ಕೋಚ್ ಮೆಲ್ ಸ್ಟಾಟಲ್‌ಮೈರ್ ಜೊತೆ ಸೇರಿ ಅದನ್ನು ನೇರ ಮಾಡಲು ಹೆಣಗಿದರು, ಆಗಲಿಲ್ಲ, ಕೊನೆಗೆ ಅದನ್ನೇ ಒಪ್ಪಿಕೊಂಡರು. ಅದೇ ವರ್ಷದ ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಸ್ಯಾಂಡಿ ಅಲೋಮಾರ್ ಎಂಟನೇ ಇನಿಂಗ್ಸ್‌ನಲ್ಲಿ ಅವರ ಎದುರು ಹೋಮ್ ರನ್ ಹೊಡೆದು ಪಂದ್ಯವನ್ನು ಸಮ ಮಾಡಿದರು, ಯಾಂಕೀಸ್ ಆ ಸರಣಿಯನ್ನೇ ಕಳೆದುಕೊಂಡಿತು. ಅಂದು ನಿಜವಾಗಿಯೂ ಸೋತದ್ದು ಪಿಚ್. ಹುಡುಕಲು ಬೇರೆ ಕಾರಣವಿರಲಿಲ್ಲ. ಅಂಥ ಸೋಲನ್ನು ಬೇಕಾದರೆ ಮರೆಯಿರಿ. ಆಮೇಲೆ 1998, 1999, 2000ರಲ್ಲಿ ಸತತ ಮೂರು ವಿಶ್ವ ಸರಣಿ ಗೆಲುವು, ಮೂರರಲ್ಲೂ ಕೊನೆಯ ಔಟ್ ಪಡೆದದ್ದು ಅವರೇ, 1999ರಲ್ಲಿ ಸರಣಿಯ ಶ್ರೇಷ್ಠ ಆಟಗಾರ ಗೌರವ.

2004ರ ಬೋಸ್ಟನ್ ಸರಣಿಯನ್ನು ಮಾತ್ರ ನೀವು ಕೂತು ನೋಡಲೇಬೇಕು. ಯಾಂಕೀಸ್ 3–0 ಮುಂದಿತ್ತು, ನಾಲ್ಕನೇ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ 4–3. ಎಲ್ಲರೂ ನೆನೆಯುವುದು ಡೇವ್ ರಾಬರ್ಟ್ಸ್ ಎರಡನೇ ಬೇಸನ್ನು ಕದ್ದದ್ದನ್ನು, ಅಂದರೆ ಪಿಚ್ ಬರುವಷ್ಟರಲ್ಲಿ ಅಲ್ಲಿಗೆ ಓಡಿ ತಲುಪಿದ್ದನ್ನು, ಮತ್ತು ಪಂದ್ಯ ಸಮ ಮಾಡಿದ ಬಿಲ್ ಮುಲ್ಲರ್ ಪಿಚರ್ ಪಕ್ಕದಿಂದಲೇ ಹೊಡೆದ ಸಿಂಗಲನ್ನು. ಆದರೆ ರಾಬರ್ಟ್ಸ್ ಬದಲಿ ಓಟಗಾರನಾಗಿ ಬೇಸ್ ಮೇಲೆ ಬಂದದ್ದೇ ಕೆವಿನ್ ಮಿಲ್ಲಾರ್ ಅವರಿಗೆ ರಿವೆರಾ ವಾಕ್ ಕೊಟ್ಟಿದ್ದರಿಂದ, ಅಂದರೆ ವಲಯದಾಚೆ ನಾಲ್ಕು ಪಿಚ್ ಎಸೆದು ಮೊದಲ ಬೇಸನ್ನು ಪುಕ್ಕಟೆ ಬಿಟ್ಟುಕೊಟ್ಟಿದ್ದರಿಂದ. ಆ ವಾಕ್ ಇಲ್ಲದಿದ್ದರೆ ಕದಿಯುವ ಓಟಗಾರನೇ ಇರುತ್ತಿರಲಿಲ್ಲ. ಬೋಸ್ಟನ್ ಆ ಸರಣಿಯನ್ನೂ ವಿಶ್ವ ಸರಣಿಯನ್ನೂ ಗೆದ್ದಿತು. 2005ರ ಏಪ್ರಿಲ್‌ನಲ್ಲಿ ಬೋಸ್ಟನ್ ತಂಡದ ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ರಿವೆರಾ ಅವರ ಹೆಸರು ಕೂಗಿದಾಗ, ತಮಗೆ ಗೆಲುವು ಕೊಟ್ಟವನೆಂದು ಬೋಸ್ಟನ್ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಿವೆರಾ ನಗುತ್ತ ಟೋಪಿ ಎತ್ತಿ ವಂದಿಸಿದರು. ಮರೆತ ಮನುಷ್ಯ ಹಾಗೆ ನಗಲು ಸಾಧ್ಯವೆಂದು ನನಗನ್ನಿಸುವುದಿಲ್ಲ. ಆ ಋತುವಿನಲ್ಲಿ ಅವರ ಇಆರ್‌ಎ 1.38, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ ಒಂದೂವರೆಯೂ ಇಲ್ಲ.

ಆರಂಭಿಕ ಪಿಚರ್ ಆಗುವ ಪ್ರಶ್ನೆಗೆ ಬರುತ್ತೇನೆ. ಬೇಡ. ಪನಾಮಾದ ಪ್ಯುಯರ್ಟೊ ಕೈಮಿಟೊ ಎಂಬ ಮೀನುಗಾರರ ಊರಿನಿಂದ ಬಂದ ರಿವೆರಾ ಕೂಡ 1995ರ ಮೇ 23ರಂದು ಆರಂಭಿಕ ಪಿಚರ್ ಆಗಿಯೇ ಕಣಕ್ಕಿಳಿದರು, ನಾಲ್ಕು ಇನಿಂಗ್ಸ್ ಕೂಡ ಪೂರೈಸದೆ ಐದು ರನ್ ಕೊಟ್ಟರು, ತಂಡ 10–0ಯಿಂದ ಸೋತಿತು. ಒಂದೇ ಒಳ್ಳೆಯ ಪಿಚ್ ಇರುವವನನ್ನು ಬ್ಯಾಟರ್‌ಗಳು ಒಂದೇ ಸಂಜೆ ಎರಡು ಮೂರು ಸಲ ನೋಡಿದರೆ ಓದಿಕೊಂಡುಬಿಡುತ್ತಾರೆ. ನಿಮ್ಮ ಬಳಿಯೂ ನಂಬುವಂಥ ಪಿಚ್ ಒಂದೇ ಎಂದು ನೀವೇ ಬರೆದಿದ್ದೀರಿ. ಅಂಥ ಕೈಗೆ ಒಂದು ಇನಿಂಗ್ಸ್‌ನ ಕೆಲಸವೇ ಸರಿ. ಸೋಲಿನ ನಾಚಿಕೆಯಿಂದ ಜಾಗ ಬದಲಿಸುವುದು, ನಾನು ಹಿಡಿತ ಬದಲಿಸಿದಷ್ಟೇ ತಪ್ಪು ಔಷಧ.

ಇನ್ನೊಂದು ವಿಷಯ. ರಿವೆರಾ ಅವರ 652 ಸೇವ್‌ಗಳ ದಾಖಲೆಯ ಬಗ್ಗೆ, 2019ರಲ್ಲಿ 425ಕ್ಕೆ 425 ಮತ ಪಡೆದು, ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಅವಿರೋಧವಾಗಿ ಆಯ್ಕೆಯಾದ ಮೊದಲ ಆಟಗಾರ ಎಂಬುದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಆ 652ರ ಜೊತೆಗೆ ಕೈತಪ್ಪಿದ 80 ಅವಕಾಶಗಳೂ ಇವೆ. 2012ರ ಮೇ ತಿಂಗಳಲ್ಲಿ ಕಾನ್ಸಾಸ್ ಸಿಟಿಯಲ್ಲಿ ಪಂದ್ಯಕ್ಕೆ ಮುನ್ನ ಹಾರು ಚೆಂಡು ಹಿಡಿಯುತ್ತಿದ್ದಾಗ ಮೊಣಕಾಲಿನ ಅಸ್ಥಿಬಂಧ ಹರಿದು ಬಿದ್ದ ಅವರು, ನಲವತ್ತೆರಡು ದಾಟಿದ್ದರೂ ಮರಳಿ ಬಂದು 2013ರಲ್ಲಿ 44 ಸೇವ್ ಮಾಡಿದರು.

ನಿಮ್ಮ ಪಂದ್ಯವನ್ನು ಯಾರಾದರೂ ಫೋನಿನಲ್ಲಿ ಚಿತ್ರೀಕರಿಸಿರುತ್ತಾರೆ, ಅದನ್ನು ತರಿಸಿಕೊಳ್ಳಿ. ಕೊನೆಯ ಹೊಡೆತದಿಂದ ಆರಂಭಿಸದೆ ಮೊದಲ ಬ್ಯಾಟರ್‌ನಿಂದ ನೋಡಿ, ಸಿಗಬಹುದಾಗಿದ್ದ ಔಟ್ ಮೊದಲು ಕೈತಪ್ಪಿದ್ದು ಎಲ್ಲಿ ಎಂದು ಗುರುತಿಸಿ. ಅದು ವಾಕ್ ಆಗಿದ್ದರೆ ಮೊದಲ ಪಿಚ್ ಅನ್ನೇ ಸ್ಟ್ರೈಕ್ ಆಗಿ, ಅಂದರೆ ವಲಯದೊಳಗೆ, ಎಸೆಯುವುದನ್ನು ಅಭ್ಯಾಸ ಮಾಡಿ. ಬಂಟ್ ಆಗಿದ್ದರೆ ಕ್ಯಾಚರ್‌ನನ್ನು ಕರೆದುಕೊಂಡು ಹೋಗಿ, ಚೆಂಡುಗಳನ್ನು ಹುಲ್ಲಿನ ಮೇಲೆ ಉರುಳಿಸಲು ಹೇಳಿ, ಅವನು ಕೂಗಿದ ಬೇಸಿಗೇ ಎಸೆಯಿರಿ, ಪಾದ ತಿರುಗಿದ ನಂತರವೇ ಎಸೆಯಿರಿ. ಪಿಚ್‌ನ ಹಿಡಿತವನ್ನು ಈ ಚಳಿಗಾಲ ಮುಟ್ಟಲೇಬೇಡಿ.