ಕೆಂಪವಲಕ್ಕಿಯೋ, ಓಟ್ಸೋ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಬೆಳಗ್ಗಿನ ತಿಂಡಿಯವೇ. ಅವಲಕ್ಕಿ, ಓಟ್ಸ್, ಕಾರ್ನ್‌ಫ್ಲೇಕ್ಸ್, ರಾಗಿ ಫ್ಲೇಕ್ಸ್. ಹಾಗಾಗಿ ಉಪ್ಪಿನಕಾಯಿ, ಹಪ್ಪಳದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಅಕ್ಕಾ, ನಮ್ಮವರಿಗೆ 54 ವರ್ಷ, ಶುಗರ್ ಇದೆ. ಗಲ್ಫಿನಲ್ಲಿರುವ ಮಗ ಬರುವಾಗಲೆಲ್ಲ ಓಟ್ಸ್ ಡಬ್ಬ ತರುತ್ತಾನೆ. ‘ಇನ್ನು ಅವಲಕ್ಕಿ ಬೇಡ, ಇದನ್ನೇ ತಿನ್ನಿ’ ಎನ್ನುತ್ತಾನೆ. ಇವರಿಗೆ ಓಟ್ಸ್ ಗಂಟಲಲ್ಲಿ ಇಳಿಯುವುದಿಲ್ಲ. ಸಜ್ಜಿಗೆ ಅವಲಕ್ಕಿ (ರವೆ ಉಪ್ಪಿಟ್ಟು ಬೆರೆಸಿದ ಅವಲಕ್ಕಿ) ಇಲ್ಲದಿದ್ದರೆ ತಿಂಡಿ ತಿಂದ ಹಾಗೇ ಆಗುವುದಿಲ್ಲವಂತೆ. ಏನು ಮಾಡಲಿ?
— ಓದುಗರು, ಬದಿಯಡ್ಕ

ಮಗ ಹೇಳುವುದರಲ್ಲಿ ಸತ್ಯ ಇದೆ ತಂಗಿ. ಆದರೆ ಅವಲಕ್ಕಿ ಬಿಡಲೇಬೇಕು ಅಂತಿಲ್ಲ.

ಮೊದಲು ಓಟ್ಸ್ ವಿಷಯ. ಅದರಲ್ಲಿ ಬೀಟಾ ಗ್ಲೂಕನ್ ಎಂಬ ನಾರು ಇದೆ. ಬೇಯಿಸಿದಾಗ ಲೋಳೆ ಲೋಳೆ ಆಗುತ್ತದಲ್ಲ, ಅದಕ್ಕೆ ಕಾರಣ ಇದೇ. ಈ ಲೋಳೆ ಹೊಟ್ಟೆಯಲ್ಲಿ ಆಹಾರ ಇಳಿಯುವ ವೇಗವನ್ನು ತಗ್ಗಿಸುತ್ತದೆ, ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ. ಕೊಲೆಸ್ಟರಾಲಿಗೂ ಒಳ್ಳೆಯದು. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸಿಕ್ಕಿದರೆ ಕೊಲೆಸ್ಟರಾಲ್ ಇಳಿಯಲು ಸಹಾಯ ಆಗುತ್ತದೆ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲೇ ಒಪ್ಪಿಕೊಂಡಿದೆ. ಅಷ್ಟು ಸಿಗಬೇಕಾದರೆ ಸುಮಾರು 75 ಗ್ರಾಂ ಓಟ್ಸ್ ಬೇಕು. ಎರಡು ಚಮಚ ಹಾಲಿಗೆ ಹಾಕಿ ಕುಡಿದರೆ ಸಾಲದು.

ಇನ್ನು ಅವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಬಿಸಿ ಇರುವಾಗಲೇ ಬಡಿದು ಚಪ್ಪಟೆ ಮಾಡಿದ್ದು. ಅಂದರೆ ಅದು ಆಗಲೇ ಅರ್ಧ ಬೆಂದಿರುತ್ತದೆ. ಬೇಗ ಜೀರ್ಣ ಆಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಹೆಚ್ಚು ಬಡಿದಷ್ಟೂ ತೌಡು ಉದುರುತ್ತದೆ. ಕಾಗದದಂಥ ಬಿಳಿ ಪೇಪರ್ ಅವಲಕ್ಕಿಯಲ್ಲಿ ತೌಡು ಉಳಿದಿರುವುದೇ ಅಪರೂಪ. ದಪ್ಪ ಕೆಂಪವಲಕ್ಕಿಯಲ್ಲಿ ಉಳಿದಿರುತ್ತದೆ. ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ಎಸಳಿನ ಮೇಲೆ ಕೆಂಪು ಗೆರೆಗಳು, ಅಂಚಿನಲ್ಲಿ ಕೆಂಪು ಪದರು ಕಾಣಿಸಬೇಕು. ಆ ಕೆಂಪೇ ತೌಡು. ನಾರು, ಬಿ ಜೀವಸತ್ವ, ಖನಿಜ ಎಲ್ಲ ಹೆಚ್ಚಾಗಿ ಇರುವುದು ಅದರಲ್ಲಿ. ಹಾಗಂತ ಕೆಂಪವಲಕ್ಕಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಲೆಕ್ಕ ನೋಡಿ. ಒಣ ಓಟ್ಸ್ ಆಗಲಿ, ಒಣ ಅವಲಕ್ಕಿ ಆಗಲಿ, 100 ಗ್ರಾಂಗೆ 350ರಿಂದ 390 ಕ್ಯಾಲೊರಿ. ಅದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಪ್ರೋಟೀನ್ ಮತ್ತು ನಾರಿನಲ್ಲಿ. ಓಟ್ಸ್‌ನಲ್ಲಿ ಪ್ರೋಟೀನ್ ಸುಮಾರು 12–13 ಗ್ರಾಂ, ನಾರು 10 ಗ್ರಾಂ. ಸಾಮಾನ್ಯ ಅವಲಕ್ಕಿಯಲ್ಲಿ ಪ್ರೋಟೀನ್ 7 ಗ್ರಾಂ, ನಾರು ಮೂರೋ ನಾಲ್ಕೋ ಗ್ರಾಂ. ಹಾಗಾದರೆ ಅವಲಕ್ಕಿಗೆ ಕಡಿಮೆ ಬಿದ್ದದ್ದನ್ನು ಬೇರೆ ಕಡೆಯಿಂದ ತುಂಬಿಸಿದರೆ ಆಯಿತಲ್ಲ? ನಮ್ಮ ಹೋಟೆಲುಗಳಲ್ಲಿ ಅವಲಕ್ಕಿಗೆ ಕಡ್ಲೆ ಬೆರೆಸಿ ಕೊಡುವ ಪದ್ಧತಿ ಇದೆಯಲ್ಲ, ಕಡ್ಲೆ ಬಜಿಲ್. ಅದು ನಿಮ್ಮವರಿಗೆ ಸರಿಯಾದ ತಿಂಡಿ. ನಿಮ್ಮ ಮನೆಯ ಸಜ್ಜಿಗೆ ಅವಲಕ್ಕಿಯಲ್ಲಿ ರವೆಯೂ ಪಿಷ್ಟ, ಅವಲಕ್ಕಿಯೂ ಪಿಷ್ಟ. ರವೆಯ ಜಾಗಕ್ಕೆ ಕಡ್ಲೆ ಬರಲಿ.

ಮಾಡುವ ಕ್ರಮ ಹೇಳುತ್ತೇನೆ. ಕಪ್ಪು ಕಡ್ಲೆ ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಒಬ್ಬರಿಗೆ ಬೆಂದ ಕಡ್ಲೆ ಒಂದು ಕಪ್ ಇರಲಿ. ದಪ್ಪ ಕೆಂಪವಲಕ್ಕಿ ಎರಡು ಹಿಡಿ, ಸುಮಾರು 50 ಗ್ರಾಂ, ಜಾಸ್ತಿ ಬೇಡ. ಅವಲಕ್ಕಿಯನ್ನು ನೀರಲ್ಲಿ ಮುಳುಗಿಸಿ ಇಡಬೇಡಿ. ತೂತಿನ ಪಾತ್ರೆಗೆ ಹಾಕಿ, ಎರಡು ಸಲ ನೀರು ಹೊಯ್ದು ಹಾಗೇ ಬಿಡಿ. ಹತ್ತು ನಿಮಿಷ ಕಳೆದು ಒಂದು ಎಸಳನ್ನು ಬೆರಳಲ್ಲಿ ಒತ್ತಿ ನೋಡಿ. ನಡುವೆ ಗಟ್ಟಿ ಇಲ್ಲದೆ ಮುರಿದರೆ ಆಯಿತು. ಗಟ್ಟಿ ಇದ್ದರೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಡಿ. ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಕರಿಬೇವಿನಸೊಪ್ಪು ಒಗ್ಗರಣೆ. ಅದಕ್ಕೆ ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್, ಇಲ್ಲವೇ ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಬಾಡಿಸಿ. ಆಮೇಲೆ ಕಡ್ಲೆ, ಉಪ್ಪು, ಕೊನೆಗೆ ಅವಲಕ್ಕಿ. ಒಲೆ ಆರಿಸಿದ ಮೇಲೆ ಎರಡು ಚಮಚ ಕಾಯಿತುರಿ, ಅರ್ಧ ನಿಂಬೆ. ಬೆಲ್ಲದ ಚೂರು ಹಾಕುವ ಅಭ್ಯಾಸ ಇದ್ದರೆ ಇವರ ಪಾಲಿಗೆ ಬೇಡ.

ತಿಂದು ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಇನ್ನೊಂದು ದಿನ ಓಟ್ಸ್ ತಿಂದು ಹಾಗೇ ನೋಡಿ. ಯಾವುದು ಇವರ ಮೈಗೆ ಹಿಡಿಸುತ್ತದೆ ಅಂತ ಆ ಚೀಟಿಯೇ ಹೇಳುತ್ತದೆ. ಇನ್ಸುಲಿನ್ ಅಥವಾ ಶುಗರಿನ ಮಾತ್ರೆ ತೆಗೆದುಕೊಳ್ಳುವವರು ತಿಂಡಿಯ ಪ್ರಮಾಣವನ್ನು ಒಮ್ಮೆಲೇ ಕಡಿಮೆ ಮಾಡಬಾರದು. ಡಾಕ್ಟರ ಹತ್ತಿರ ಒಂದು ಮಾತು ಕೇಳಿಯೇ ಮಾಡಿ.

ಮಗ ತಂದ ಓಟ್ಸ್ ಹಾಳು ಮಾಡಬೇಡಿ. ರೋಲ್ಡ್ ಓಟ್ಸ್ (ಚಪ್ಪಟೆ ಎಸಳಿನದ್ದು) ಆದರೆ ಬಾಣಲೆಯಲ್ಲಿ ಪರಿಮಳ ಬರುವವರೆಗೆ ಹುರಿದು, ರವೆಯ ಬದಲು ಅದರದ್ದೇ ಸಜ್ಜಿಗೆ ಮಾಡಿ. ನೀರು ಕಡಿಮೆ ಹಾಕಿ, ಉದುರುದುರಾಗಿ ಬರುತ್ತದೆ. ಗಂಟಲಲ್ಲಿ ಇಳಿಯದೆ ಇರುವುದು ಓಟ್ಸ್ ಅಲ್ಲ, ಹಾಲಿನಲ್ಲಿ ಬೆಂದ ಆ ಸಪ್ಪೆ ಲೋಳೆ. ನನಗೆ ಗೊತ್ತು, ಆಸ್ಪತ್ರೆಯಲ್ಲಿ ಪಥ್ಯದ ಅಡುಗೆ ನೋಡಿಕೊಳ್ಳುತ್ತಿದ್ದಾಗ ಬಟ್ಟಲು ಹಾಗೇ ವಾಪಸು ಬರುತ್ತಿತ್ತು. ಒಗ್ಗರಣೆ ಹಾಕಿ ಕೊಟ್ಟ ದಿನ ಖಾಲಿಯಾಗಿ ಬರುತ್ತಿತ್ತು.

ಮಲ್ಟಿಗ್ರೇನ್ ಫ್ಲೇಕ್ಸ್ ಅಂತ ದೊಡ್ಡ ಪ್ಯಾಕೆಟ್ ತಂದಿದ್ದೇನೆ. ಮೇಲೆ ಗೋಧಿ ತೆನೆ, ಜೇನಿನ ಚಿತ್ರ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಹಿಂದೆ ಬರೆದದ್ದು ಇಂಗ್ಲಿಷ್, ಸಣ್ಣ ಅಕ್ಷರ. ಮಕ್ಕಳಿಗೆ ಕೊಡಬಹುದಾ?
— ಓದುಗರು, ಮಂಜೇಶ್ವರ

ಇಂಥ ಕಾಗದ ಬಂದಾಗ ಮನಸ್ಸಿಗೆ ಕಷ್ಟ ಆಗುತ್ತದೆ. ಮನೆಮಂದಿಗೆ ಅಡುಗೆ ಮಾಡಿ ಹಾಕುವ ತಾಯಿಗೇ ಪ್ಯಾಕೆಟ್ ಓದಲು ಆಗದಿದ್ದರೆ ಹೇಗೆ? ನಮ್ಮ ಗಡಿ ಊರುಗಳಲ್ಲಿ ಇಂಗ್ಲಿಷ್, ಮಲಯಾಳ ಎರಡೂ ಓದಲು ಬಾರದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಮೂರು ಕಡೆ ನೋಡಿದರೆ ಸಾಕು.

ಒಂದು, ಸಾಮಗ್ರಿಗಳ ಪಟ್ಟಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅಂತ ಕಾನೂನಿದೆ. ಮೊದಲ ಹೆಸರಿನ ಜೊತೆ ‘ಹೋಲ್’ ಎಂಬ ಪದ ಇದೆಯಾ ನೋಡಿ. ಹೋಲ್ ವೀಟ್, ಹೋಲ್ ಓಟ್ಸ್ ಹೀಗೆ. ಮಲ್ಟಿಗ್ರೇನ್ ಅಂದರೆ ಹಲವು ಧಾನ್ಯ ಇದೆ ಅಂತ ಅಷ್ಟೇ, ಇಡೀ ಧಾನ್ಯ ಅಂತ ಅಲ್ಲ. ಮೈದಾ, ಅಕ್ಕಿಹಿಟ್ಟು, ಜೋಳದ ಹಿಟ್ಟು ಸೇರಿಸಿದರೂ ಅದು ಮಲ್ಟಿಗ್ರೇನೇ. ಸಕ್ಕರೆ ಎರಡನೆಯದೋ ಮೂರನೆಯದೋ ಹೆಸರಾಗಿದ್ದರೆ ಪ್ಯಾಕೆಟ್ ಕೆಳಗಿಡಿ.

ಎರಡು, ಸಕ್ಕರೆಯ ಅಂಕಿ. 100 ಗ್ರಾಂಗೆ 30 ಗ್ರಾಂ ಸಕ್ಕರೆ ಇದ್ದರೆ, ಮಗು 30 ಗ್ರಾಂನ ಒಂದು ಬಟ್ಟಲು ತಿಂದಾಗ 9 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ಹೆಚ್ಚು ಕಡಿಮೆ ಎರಡು ಟೀ ಚಮಚ, ಬೆಳಗ್ಗೆ ಬೆಳಗ್ಗೆಯೇ. ಜೇನು ಅಂತ ಬರೆದಿದ್ದರೂ ಅದು ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ.

ಮೂರು, ನಾರು. ಕಾರ್ಬೊಹೈಡ್ರೇಟ್ ಎಷ್ಟಿದೆಯೋ ಅದರ ಹತ್ತರಲ್ಲಿ ಒಂದು ಪಾಲಾದರೂ ನಾರು ಇರಬೇಕು. 70 ಇದ್ದರೆ 7. ಸಾಮಾನ್ಯ ಕಾರ್ನ್‌ಫ್ಲೇಕ್ಸ್ ಈ ಲೆಕ್ಕದಲ್ಲಿ ಪಾಸಾಗುವುದಿಲ್ಲ. ಮೆಕ್ಕೆಜೋಳದ ಹೊರಪದರು, ಮೊಳಕೆ ಎರಡನ್ನೂ ತೆಗೆದ ನುಚ್ಚಿನಿಂದ ಅದನ್ನು ಮಾಡುತ್ತಾರೆ. ಮಕ್ಕಳು ಹಟ ಹಿಡಿದರೆ ಯಾವಾಗಲಾದರೂ ಒಮ್ಮೆ ಕೊಡಿ, ಅದನ್ನೇ ದಿನದ ತಿಂಡಿ ಮಾಡಬೇಡಿ.

ಮಳೆಗಾಲದಲ್ಲಿ ಕೆಂಪವಲಕ್ಕಿ ಎರಡು ವಾರದಲ್ಲೇ ಕಮಟು ವಾಸನೆ ಬರುತ್ತದೆ. ಬಿಳಿ ಅವಲಕ್ಕಿಗೆ ಹೀಗಾಗುವುದಿಲ್ಲ. ಮೋಸದ ಮಾಲಾ?
— ಓದುಗರು, ಮುಳ್ಳೇರಿಯಾ

ಮೋಸ ಇರಬೇಕೆಂದಿಲ್ಲ. ತೌಡಿನಲ್ಲಿ ಎಣ್ಣೆಯಂಶ ಇದೆ. ಗಾಳಿ, ತೇವ, ಬಿಸಿ ತಾಗಿದರೆ ಆ ಎಣ್ಣೆ ಕೆಡುತ್ತದೆ. ಬಿಳಿಯದರಲ್ಲಿ ತೌಡೇ ಇಲ್ಲ, ಕೆಡಲು ಎಣ್ಣೆ ಎಲ್ಲಿಂದ ಬರಬೇಕು? ಆದರೆ ಕಮಟು ಬಂದದ್ದನ್ನು ಬಿಸಿಲಿಗೆ ಹಾಕಿ, ಒಗ್ಗರಣೆಯಲ್ಲಿ ಮುಚ್ಚಿಹಾಕಿ ತಿನ್ನಬೇಡಿ. ಕೆಟ್ಟ ಎಣ್ಣೆ ಬಿಸಿಲಿಗೆ ಸರಿಯಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಕಿಲೋಗಿಂತ ಜಾಸ್ತಿ ತರಬೇಡಿ. ತಂದ ದಿನವೇ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ತಣಿದ ಮೇಲೆ ಸ್ಟೀಲ್ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರು ಹನಿಯುತ್ತದೆ. ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು. ಓಟ್ಸ್, ಸಜ್ಜೆ ಫ್ಲೇಕ್ಸ್ ಎಲ್ಲದಕ್ಕೂ ಇದೇ ಮಾತು. ಸಜ್ಜೆಯಲ್ಲಂತೂ ಎಣ್ಣೆ ಜಾಸ್ತಿ, ಬೇಗ ಕಹಿಯಾಗುತ್ತದೆ.

ರಾಗಿ ಫ್ಲೇಕ್ಸ್ ತಂದು ಅವಲಕ್ಕಿ ಹಾಗೆ ತೊಳೆದೆ. ಅಂಟು ಮುದ್ದೆಯಾಯಿತು.
— ಓದುಗರು, ಕುಂಬಳೆ

ತೊಳೆಯಬೇಡಿ. ರಾಗಿ ಎಸಳು ತೀರಾ ತೆಳು. ತಟ್ಟೆಯಲ್ಲಿ ಹರಡಿ ಕೈಯಿಂದ ನೀರು ಚಿಮುಕಿಸಿ, ಎರಡು ನಿಮಿಷ ಬಿಟ್ಟರೆ ಸಾಕು. ಜೋಳದ ಎಸಳು ದಪ್ಪ, ಅದನ್ನು ತೊಳೆದು ಸೋಸಬಹುದು. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದ ಮೇಲೆ ನಮ್ಮ ಪೇಟೆಗಳಲ್ಲೂ ಇವು ಸಿಗುತ್ತಿವೆ, ಸಂತೋಷದ ವಿಷಯ. ನೀರುಮಜ್ಜಿಗೆಗೆ ಶುಂಠಿ, ಹಸಿಮೆಣಸು, ಕರಿಬೇವಿನಸೊಪ್ಪು ಜಜ್ಜಿ ಹಾಕಿ, ತಿನ್ನುವ ಹೊತ್ತಿಗೆ ರಾಗಿ ಫ್ಲೇಕ್ಸ್ ಉದುರಿಸಿ ನೋಡಿ. ಸೆಕೆಗೆ ಹಿತವಾಗಿರುತ್ತದೆ.

ನನಗೆ 71. ರಕ್ತ ಕಡಿಮೆ ಇದೆ ಅಂದಿದ್ದಾರೆ. ಅವಲಕ್ಕಿಯಲ್ಲಿ ಕಬ್ಬಿಣದ ಅಂಶ ಇದೆಯಂತೆ ಅಂತ ದಿನಾ ತಿನ್ನುತ್ತಿದ್ದೇನೆ, ಜೊತೆಗೆ ಚಾ.
— ಓದುಗರು, ಪೆರ್ಲ

ಅಣ್ಣಾ, ಆ ಚಾ ಒಂದು ಗಂಟೆ ಮುಂದೆ ಹಾಕಿ. ಚಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಮೈ ಹೀರಿಕೊಳ್ಳದ ಹಾಗೆ ತಡೆಯುತ್ತದೆ. ನಿಂಬೆ, ನೆಲ್ಲಿಕಾಯಿ, ಪೇರಳೆ ಇವುಗಳ ಸಿ ಜೀವಸತ್ವ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಅವಲಕ್ಕಿಗೆ ನಿಂಬೆ ಹಿಂಡುವುದನ್ನು ಒಂದು ದಿನವೂ ಬಿಡಬೇಡಿ. ಆದರೆ ಅವಲಕ್ಕಿಯೊಂದನ್ನೇ ನಂಬಿ ಕೂರಬೇಡಿ. ಈ ಪ್ರಾಯದಲ್ಲಿ ರಕ್ತ ಕಡಿಮೆಯಾದರೆ ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ಡಾಕ್ಟರು ನೋಡಲೇಬೇಕು. ಈ ವಾರವೇ ಹೋಗಿ, ಮುಂದೂಡಬೇಡಿ.

ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ ಅಕ್ಕಾ. ಒಲೆ ಇಲ್ಲ, ಬೆಳಗ್ಗೆ ಏಳಕ್ಕೆ ಬಸ್ಸು. ಸುಮ್ನೆ ಬಿಸ್ಕೆಟ್ ತಿಂದು ಹೋಗುತ್ತಿದ್ದೇನೆ.
— ಓದುಗರು, ಮೂಲ ಊರು ಅಡೂರು

ಬಿಸ್ಕೆಟ್ ಬಿಡು ಮಗಾ. ಮುಚ್ಚಳ ಇರುವ ಒಂದು ಡಬ್ಬ ತೆಗೆದುಕೋ. ರಾತ್ರಿ ನಾಲ್ಕು ದೊಡ್ಡ ಚಮಚ ರೋಲ್ಡ್ ಓಟ್ಸ್, ಅದು ಮುಳುಗುವಷ್ಟು ಮೊಸರು, ಸ್ವಲ್ಪ ನೀರು, ಚಿಟಿಕೆ ಉಪ್ಪು. ಪಿಜಿಯ ಫ್ರಿಜ್‌ನಲ್ಲಿ ಇಡು. ಬೆಳಗ್ಗೆಗೆ ಮೆತ್ತಗಾಗಿರುತ್ತದೆ. ಮುಳ್ಳುಸೌತೆ ಹೆಚ್ಚಿ ಹಾಕು, ಒಂದು ಹಿಡಿ ಹುರಿದ ನೆಲಗಡಲೆ. ಊರಿಗೆ ಬಂದಾಗ ಅಮ್ಮನ ಹತ್ತಿರ ಮಜ್ಜಿಗೆ ಮೆಣಸು ಕರಿದು ಡಬ್ಬಿಗೆ ಹಾಕಿಸಿಕೊಂಡು ಹೋಗು, ಒಂದನ್ನು ಮೇಲಿಂದ ಮುರಿದು ಹಾಕಿದರೆ ಮೊಸರವಲಕ್ಕಿಯ ರುಚಿಯೇ. ಮಸಾಲೆ ಬೆರೆಸಿದ ಇನ್‌ಸ್ಟಂಟ್ ಓಟ್ಸ್ ಪ್ಯಾಕೆಟ್ ಬೇಡ. ಅದರಲ್ಲಿ ಉಪ್ಪು ಜಾಸ್ತಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಕ್ಕಳಿಗೆ ಪೇಟೆಯ ಅವಿಲ್ ಮಿಲ್ಕ್ (ಅವಲಕ್ಕಿ, ಬಾಳೆಹಣ್ಣು ಹಾಕಿದ ತಣ್ಣನೆಯ ಹಾಲು) ಅಂದರೆ ಪ್ರಾಣ. ಮನೆಯಲ್ಲೇ ಒಳ್ಳೆಯ ರೀತಿಯಲ್ಲಿ ಮಾಡಬಹುದಾ?
— ಓದುಗರು, ಉಪ್ಪಳ

ಖಂಡಿತ. ಅಂಗಡಿಯದರಲ್ಲಿ ಸಕ್ಕರೆ, ಮೇಲಿಂದ ಐಸ್‌ಕ್ರೀಂ ಬೀಳುತ್ತದೆ. ಮನೆಯಲ್ಲಿ ಎರಡೂ ಬೇಡ. ಸಿಪ್ಪೆ ಕಪ್ಪಾಗತೊಡಗಿದ ಕದಳಿ ಹಣ್ಣು ಎರಡು ತೆಗೆದುಕೊಂಡು ಚಮಚದಿಂದ ಮಸೆಯಿರಿ, ಮಿಕ್ಸಿಗೆ ಹಾಕಬೇಡಿ, ತುಣುಕು ಬಾಯಿಗೆ ಸಿಗಬೇಕು. ಅಷ್ಟು ಹಣ್ಣಾದದ್ದರಲ್ಲಿ ಸಿಹಿ ಬೇಕಾದಷ್ಟಿರುತ್ತದೆ. ಕೆಂಪವಲಕ್ಕಿಯನ್ನು ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ, ಕೈಯಲ್ಲಿ ಒತ್ತಿದರೆ ಹುಡಿಯಾಗುವಷ್ಟು ಗರಿಗರಿ ಹುರಿಯಿರಿ. ಲೋಟದಲ್ಲಿ ಹಣ್ಣು, ಅದರ ಮೇಲೆ ಕಾಯಿಸಿ ತಣಿಸಿದ ಹಾಲು, ಕೊನೆಗೆ ಅವಲಕ್ಕಿ ಮತ್ತು ಹುರಿದ ನೆಲಗಡಲೆ. ಮಕ್ಕಳು ಬಂದು ಕೂತ ಮೇಲೆಯೇ ಅವಲಕ್ಕಿ ಹಾಕಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಐದು ವರ್ಷಕ್ಕಿಂತ ಚಿಕ್ಕವರಿಗೆ ನೆಲಗಡಲೆ ಇಡಿಯಾಗಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರ ಲೋಟಕ್ಕೆ ನುಣ್ಣಗೆ ಹುಡಿ ಮಾಡಿ ಹಾಕಿ.