ಪ್ರತಿ: ವೇಟ್‌ಲಿಫ್ಟರ್ ಮಾರ್ಕಸ್ ಸ್ಟೀಫನ್ ಸಮೋವಾದವರಾ, ನೌರುವಿನವರಾ?

ನೌರುವಿನವರೇ (ಎರಡೂ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರಗಳು). 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸಮೋವಾ ಪರ ಇಳಿದದ್ದಕ್ಕೆ ಕಾರಣ, ನೌರುವಿನ ಒಲಿಂಪಿಕ್ ಸಮಿತಿಗೆ ಮಾನ್ಯತೆ ಸಿಕ್ಕಿದ್ದೇ 1994ರಲ್ಲಿ. ಅಟ್ಲಾಂಟಾ, ಸಿಡ್ನಿಗೆ ಸ್ವಂತ ಬಾವುಟದಡಿಯೇ ಹೋದರು.

ಒಬ್ಬರಿಗೇ 12 ಕಾಮನ್‌ವೆಲ್ತ್ ಪದಕ ಹೇಗೆ ಅಂತಲೂ ಕೇಳಿದ್ದೀರಿ. ಆಗ ಸ್ನ್ಯಾಚ್ (ಭಾರವನ್ನು ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆತ್ತುವುದು), ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ), ಒಟ್ಟು ತೂಕ (ಎರಡರ ಮೊತ್ತ) ಮೂರಕ್ಕೂ ಬೇರೆಬೇರೆ ಪದಕ ಕೊಡುತ್ತಿದ್ದರು. 1990ರ ಆಕ್ಲೆಂಡ್‌ನಲ್ಲಿ ಸ್ನ್ಯಾಚ್ ಚಿನ್ನ, ಉಳಿದೆರಡು ಬೆಳ್ಳಿ. 1994, 1998ರಲ್ಲಿ ತಲಾ 3 ಚಿನ್ನ. 2002ರಲ್ಲಿ 3 ಬೆಳ್ಳಿ. ಒಲಿಂಪಿಕ್ಸ್‌ನಲ್ಲಿ ಒಟ್ಟು ತೂಕಕ್ಕೆ ಮಾತ್ರ ಪದಕ. ಸ್ನ್ಯಾಚ್‌ನ ಮೂರೂ ಯತ್ನ ತಪ್ಪಿದರೆ ಒಟ್ಟು ಲೆಕ್ಕವೇ ಇಲ್ಲ, ಕಥೆ ಮುಗಿಯಿತು.

ನನ್ನ ಕೇಳಿದರೆ ಇವೆಲ್ಲಕ್ಕಿಂತ ತೂಕದ್ದು 1999ರ ಅಥೆನ್ಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 62 ಕೆಜಿ ವಿಭಾಗದ ಕ್ಲೀನ್ ಅಂಡ್ ಜರ್ಕ್ ಬೆಳ್ಳಿ. 21 ಚದರ ಕಿಲೋಮೀಟರ್ ದ್ವೀಪದಿಂದ ಬಂದವರು ನೋಡಿ! 2007ರಿಂದ 2011ರವರೆಗೆ ದೇಶದ ಅಧ್ಯಕ್ಷರೂ ಆಗಿದ್ದರು.